ಅಪ್‌ಡೇಟ್: ಅಮ್ಮನ ಭುಜ ಈಗ ಹೇಗಿದೆ

ಅಮ್ಮನ ಬಲಭುಜ ಹಿಡಿದುಕೊಂಡಿದೆ, ಕೈ ಮೇಲೆತ್ತಲು ಆಗುತ್ತಿಲ್ಲ, ವ್ಯಾಯಾಮ ಮಾಡಿಸಬೇಕಾ ಅಥವಾ ಸುಮ್ನೆ ರೆಸ್ಟ್ ಕೊಡಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಇಲ್ಲೇ ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿದೆವು. ಫ್ರೋಜನ್ ಶೋಲ್ಡರ್ ಅಂದರು. ಕೀಲಿನ ಸುತ್ತಲಿನ ಪೊರೆ ದಪ್ಪಗಾಗಿ ಬಿಗಿಯಾಗುತ್ತದೆ. 40ರಿಂದ 60 ವಯಸ್ಸಿನವರಲ್ಲಿ ಜಾಸ್ತಿ, ಶುಗರ್ ಇದ್ದವರಲ್ಲಂತೂ ಇನ್ನೂ ಜಾಸ್ತಿ. ಅಮ್ಮನಿಗೆ ಶುಗರ್ ಇದೆ.

ಮೊದಲು ಬಿಸಿ ಶಾಖ. ಆಮೇಲೆ ಅಮ್ಮ ಎಡಗೈಯನ್ನು ಮೇಜಿಗೆ ಊರಿ ಬಗ್ಗಿ, ಬಲಗೈಯನ್ನು ಸಡಿಲ ಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗುತ್ತಾರೆ. ನಂತರ ಗೋಡೆ ಮೇಲೆ ಬೆರಳುಗಳನ್ನು ಒಂದೊಂದೇ ಹತ್ತಿಸುತ್ತಾ ಹೋಗುವುದು, ಮುಟ್ಟಿದ ಕಡೆ ನಾನು ಚಾಕ್‌ಪೀಸಿನಿಂದ ಗೆರೆ ಎಳೆಯುತ್ತೇನೆ, ಗೆರೆ ಈಗ ಸ್ವಿಚ್‌ಬೋರ್ಡ್ ದಾಟಿದೆ! ಸ್ವಲ್ಪ ಎಳೆತ ಇದ್ದರೆ ಪರವಾಗಿಲ್ಲ. ನೋವು ಜಾಸ್ತಿಯಾಗಿ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಕಡಿಮೆ ಮಾಡಬೇಕು. ದಯವಿಟ್ಟು ಎಣ್ಣೆ ಹಚ್ಚಿ ಜೋರಾಗಿ ತಿರುಚುವವರ ಹತ್ತಿರ ಮಾತ್ರ ಹೋಗಬೇಡಿ.

ಜೋಳದ ರೊಟ್ಟಿ ಬಡಿಯುವುದನ್ನು ಅಮ್ಮ ಮತ್ತೆ ಶುರು ಮಾಡಿದ್ದಾರೆ, ನನಗೆ ಅದೇ ದೊಡ್ಡ ಖುಷಿ. ಆದರೆ ಕೈ ಹಿಂದೆ ಹೋಗುವುದಿಲ್ಲ, ಜಡೆಯನ್ನು ಇನ್ನೂ ತಂಗಿಯೇ ಹಾಕುತ್ತಾಳೆ. ಪೂರ್ತಿ ಸಡಿಲವಾಗಲು 1ರಿಂದ 3 ವರ್ಷವೂ ಹಿಡಿಯಬಹುದಂತೆ, ಹಾಗಾಗಿ ವ್ಯಾಯಾಮ ಬಿಡುವುದಿಲ್ಲ.