ಅಕ್ಟೋಬರ್ ಮೊದಲ ವಾರ ಹಾಂಗ್‌ಕಾಂಗ್: ರಶ್ ತಡೆಯೋಕಾಗುತ್ತಾ?

ಪ್ರಶ್ನೆ: ಅಪ್ಪ ಅಮ್ಮನ ಜೊತೆ ಅಕ್ಟೋಬರ್ 1ಕ್ಕೆ ಹಾಂಗ್‌ಕಾಂಗ್‌ಗೆ ಹೋಗುವ ಯೋಚನೆ ಇದೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಚೀನಾದವರ ರಜೆ ಅಂತಾರೆ, ತುಂಬಾ ಜನ ಇರ್ತಾರಾ?

ಉತ್ತರ: ನಾನು ಹಾಂಗ್‌ಕಾಂಗ್‌ನ ಕೌಲೂನ್‌ನಲ್ಲಿ ಇರುವವಳು. ಹೌದು, ತುಂಬಾ ಜನ ಇರ್ತಾರೆ; ಸಾಧ್ಯವಾದರೆ 8ನೇ ತಾರೀಕಿನ ಮೇಲೆ ಬನ್ನಿ. 1ರಿಂದ 7ರವರೆಗೆ ಅವರ ರಾಷ್ಟ್ರೀಯ ದಿನದ ರಜೆ. ಗಡಿಯಾಚೆಯ ಚೀನಾದ ಶೆನ್‌ಝೆನ್ ನಗರದ ಫುಟಿಯನ್‌ನಲ್ಲಿ ಹೈಸ್ಪೀಡ್ ರೈಲು ಹತ್ತಿದರೆ ಸುಮಾರು ಕಾಲು ಗಂಟೆಗೆ ನಮ್ಮ ವೆಸ್ಟ್ ಕೌಲೂನ್ ಸ್ಟೇಷನ್! ಬೆಳಗ್ಗೆ ಬಂದು ರಾತ್ರಿ ವಾಪಸ್ ಹೋಗುವವರೇ ಎಷ್ಟೋ ಜನ. ಸೂಟ್‌ಕೇಸ್ ಮೇಲೆ ಮಗು ಕೂರಿಸಿಕೊಂಡು ಎಳೆಯುವ ಅಪ್ಪಂದಿರು, ಫೋನ್‌ನಲ್ಲಿ ಫೋಟೊ ತೋರಿಸಿ ‘ಈ ಜಾಗ ಎಲ್ಲಿ’ ಅಂತ ಕೇಳುವ ಹುಡುಗಿಯರು. ನನಗೆ ಅವರನ್ನು ಕಂಡರೆ ಖುಷಿ. ದಸರಾಕ್ಕೆ ಮೈಸೂರಿಗೆ ಬರುವ ನಮ್ಮ ಜನರ ಹಾಗೇ ಅಲ್ವಾ? ಆದರೆ ‘ಪೀಕ್’ ಬೆಟ್ಟಕ್ಕೆ ಹತ್ತುವ ಪೀಕ್ ಟ್ರಾಮ್‌ನ ಕ್ಯೂ ಅಮ್ಮನಿಗೆ ಕಷ್ಟ. ಅಲ್ಲಿಗೆ ಸೆಂಟ್ರಲ್ ಅನ್ನೋ ಏರಿಯಾದಿಂದ 15ನೇ ನಂಬರ್ ಬಸ್ಸಿನಲ್ಲಿ ಹೋಗಿ.

ಪ್ರಶ್ನೆ ಕೇಳಿದವರು: ಅಪ್ಪನಿಗೆ ರಾಷ್ಟ್ರೀಯ ದಿನದ ಬಂದರಿನ ಪಟಾಕಿ ನೋಡುವ ಆಸೆ.

ಉತ್ತರ: ದಯವಿಟ್ಟು ಬಂದರಿನ ಪಕ್ಕದ ಸಿಮ್ ಶಾ ಚುಯಿ ದಡಕ್ಕೆ ಮಾತ್ರ ಬೇಡ. ಪಟಾಕಿ ಇದ್ದ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬಂದರು ಕಾಣುವ ರೂಮ್ ಸಿಕ್ಕರೆ ಹಿಡಿಯಿರಿ.

ಇನ್ನೊಬ್ಬರು: ಭಾರತದ ಪಾಸ್‌ಪೋರ್ಟ್ ಅಲ್ವಾ? ಮೂವರಿಗೂ ಆನ್‌ಲೈನ್ ಮುಂಗಡ ನೋಂದಣಿ ಮಾಡಿಸಿ, ಆಮೇಲೆ ಟಿಕೆಟ್ ತಗೊಳ್ಳಿ.