ಟೈಲ್ಸ್ ಇರಲಿ, ಮೊದಲು ಕೆಳಗಿನ ಮನೆಯ ಸೀಲಿಂಗ್ ನೋಡು

ಪುಟ್ಟೀ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಂಗಡಿಯಲ್ಲೇ ಕೂತಿದ್ದೇನೆ, ಮಧ್ಯೆ ಲಾರಿ ಸದ್ದು ಬಂದರೆ ಅದು ನಮ್ಮ ಹಾಸನದ ಬಿ.ಎಂ. ರಸ್ತೆ, ತಲೆಕೆಡಿಸಿಕೊಳ್ಳಬೇಡ.

ಗ್ರೂಪಿನಲ್ಲಿ ಹಿಂದಿನದು ಓದದವರಿಗೆ ಎರಡು ಮಾತು. ಪುಟ್ಟಿಯ ಬೆಂಗಳೂರಿನ ಫ್ಲಾಟ್ ಮೂರನೇ ಮಹಡಿಯಲ್ಲಿದೆ, ಕಟ್ಟಡ ಹಳೆಯದು. ಅವಳ ಬಾತ್‌ರೂಮಿನ ಕೆಳಗಿನ ಮನೆಯವರ ಸೀಲಿಂಗ್ ಒದ್ದೆಯಾಗಿ ಬಣ್ಣ ಉದುರುತ್ತಿದೆ. ಭಾವನಿಗೆ ಮಂಡಿ ಆಪರೇಷನ್ ಆಗಿದೆ, ಇನ್ನು ಮುಂದೆ ಅಕ್ಕ ಭಾವ ಇಬ್ಬರೂ ಅಲ್ಲೇ ಇರುತ್ತಾರೆ. ಹಾಗಾಗಿ ಬಾತ್‌ರೂಮ್ ಪೂರ್ತಿ ಒಡೆದು ಹೊಸದು ಮಾಡಿಸಬೇಕು ಎಂದು ಹೊರಟಿದ್ದಾಳೆ. ಒಬ್ಬ ಕಾಂಟ್ರಾಕ್ಟರ್ ಕೊಟ್ಟ ಕೊಟೇಶನ್ ಫೋಟೋ ಹಾಕಿದ್ದಾಳೆ. ಅದರಲ್ಲಿ ಇರುವುದು ಒಂದೇ ಸಾಲು. ಕಂಪ್ಲೀಟ್ ಬಾತ್‌ರೂಮ್ ರಿನೋವೇಶನ್, 2,60,000 ರೂಪಾಯಿ, ಅರ್ಧ ಅಡ್ವಾನ್ಸ್, ಎಂಟು ದಿನದಲ್ಲಿ ಕೆಲಸ ಮುಗಿಯುತ್ತದೆ. ನಾವು ಇಲ್ಲಿ ಒಂದು ನಲ್ಲಿ ಮಾರಿದರೂ ಇದಕ್ಕಿಂತ ಉದ್ದದ ಬಿಲ್ ಬರೆಯುತ್ತೇವೆ ಪುಟ್ಟಿ.

ಅದರ ಜೊತೆಗೆ ಹತ್ತು ಟೈಲ್ಸ್ ಫೋಟೋ ಹಾಕಿ ಯಾವುದು ಚೆಂದ ಅಂತ ಕೇಳಿದ್ದೀಯ. ಎಲ್ಲವೂ ಚೆಂದವೇ. ಆದರೆ ನಿನ್ನ ದುಡ್ಡು ಉಳಿಯುವುದೂ ಹೋಗುವುದೂ ಟೈಲ್ಸ್ ಕೆಳಗೆ. ಸ್ಯಾನಿಟರಿ ಅಂಗಡಿ ಇಟ್ಟುಕೊಂಡವಳು ಹೀಗೆ ಹೇಳಬಾರದು, ನಿನ್ನ ಚಿಕ್ಕಪ್ಪ ಪಕ್ಕದಲ್ಲೇ ಕೂತು ಕಣ್ಣು ಬಿಡುತ್ತಿದ್ದಾರೆ. ಇರಲಿ.

ಒಡೆಸುವುದಕ್ಕೆ ಮುಂಚೆ ಸೋರಿಕೆ ಎಲ್ಲಿಂದ ಅಂತ ಪತ್ತೆ ಮಾಡು. ಕೆಳಗಿನ ಮನೆಯವರನ್ನು ಕೇಳು, ಆ ಜಾಗ ಯಾವಾಗಲೂ ಒದ್ದೆ ಇರುತ್ತದಾ, ಇಲ್ಲ ನೀವು ಸ್ನಾನ ಮಾಡಿದ ಮೇಲೆ ಮಾತ್ರ ಜಾಸ್ತಿ ಆಗುತ್ತದಾ? ಯಾವಾಗಲೂ ತೊಟ್ಟಿಕ್ಕುತ್ತಿದ್ದರೆ ನೀರು ಬರುವ ಪೈಪಿನ ಮೇಲೆ ಅನುಮಾನ, ಅದರಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ. ಊರಿಗೆ ಹೋಗುವಾಗ ಬಾತ್‌ರೂಮಿನ ವಾಲ್ವ್ ಮುಚ್ಚಿ ಹೋಗು. ಬರುವಷ್ಟರಲ್ಲಿ ಒಣಗಿದ್ದರೆ ತೊಂದರೆ ನಿನ್ನ ಬಾತ್‌ರೂಮಿನದೇ, ಒಣಗದಿದ್ದರೆ ಮೇಲಿನಿಂದ ಬರುವ ಕಾಮನ್ ಪೈಪನ್ನೂ ನೋಡಿಸಬೇಕು. ಸ್ನಾನದ ನಂತರ ಮಾತ್ರ ಜಾಸ್ತಿ ಆಗುತ್ತದೆ ಅಂದರೆ ನೆಲ, ನೀರು ಹೋಗುವ ಜಾಲಿ, ಕಮೋಡಿನ ಸಂದಿ, ಇವುಗಳಲ್ಲಿ ಎಲ್ಲೋ ಒಂದು. ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಬಣ್ಣ ಹಾಕಿ ಬಿಟ್ಟು, ಕೆಳಗೆ ಅದೇ ಬಣ್ಣ ಬರುತ್ತದಾ ಅಂತಲೂ ನೋಡಬಹುದು. ಖರ್ಚಿಲ್ಲದ ಕೆಲಸ.

ಅಣ್ಣ, ಟೈಲ್ಸ್ ಸಂದಿಗೆ ಕೆಮಿಕಲ್ ತುಂಬಿಸಿದರೆ ಸಾಕು ಅಂತ ನೀನು ಹೇಳಿದ್ದು ಕೇಳಿದೆ. ಸಂದಿ ಮಾತ್ರ ಹಾಳಾಗಿದ್ದರೆ ಸರಿ. ಆದರೆ ಹಳೆಯ ಫ್ಲಾಟ್‌ಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಹೆಚ್ಚುಕಡಿಮೆ ಒಂದಡಿ ತಗ್ಗಿಸಿ, ಅದರೊಳಗೆ ಪೈಪ್ ಮಲಗಿಸಿ, ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ನೀರು ಅಲ್ಲಿ ಇಳಿದು ನಿಂತರೆ ಮೇಲೆ ಏನು ಸವರಿದರೂ ಅದು ಕೆಳಗಿನ ಮನೆಗೇ ದಾರಿ ಹುಡುಕುತ್ತದೆ. ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಅಂಟಿಸುವುದೂ ಅಷ್ಟೇ. ಸೋರಿಕೆ ನಿಲ್ಲುವುದಿಲ್ಲ, ನೆಲ ಮಾತ್ರ ಎತ್ತರ ಆಗುತ್ತದೆ.

ಹಾಗಾಗಿ ಸೋರುವುದು ನೆಲದಿಂದ ಅಂತ ಗೊತ್ತಾದರೆ ಆ ತುಂಬಿದ್ದನ್ನೆಲ್ಲ ತೆಗೆಸಿ ಸ್ಲ್ಯಾಬ್ ಕಾಣುವ ತನಕ ಹೋಗಬೇಕು. ಕೊಟೇಶನ್‌ನಲ್ಲಿ ಈ ಮಾತು ಇದೆಯಾ ನೋಡು. ಇಲ್ಲ. ಆಮೇಲೆ ಇದಕ್ಕೇ ಬೇರೆ ದುಡ್ಡು ಅನ್ನುತ್ತಾನೆ.

ಸ್ಲ್ಯಾಬ್ ಕಂಡ ಮೇಲೆ ಮೂಲೆಗಳನ್ನು ದುಂಡಗೆ ಮಾಡಿ, ಪೈಪ್ ಹಾದುಹೋಗುವ ತೂತುಗಳನ್ನು ಗಟ್ಟಿಯಾಗಿ ಮುಚ್ಚಿ, ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡಲಾಗಿ ಬಳಿಯಬೇಕು. ಗೋಡೆಗೂ ಒಂದಡಿ ಹತ್ತಿಸಬೇಕು, ಶವರ್ ಇರುವ ಗೋಡೆಗೆ ಆರಡಿ. ಅದು ಒಣಗಿದ ಮೇಲೆ ಜಾಲಿ ಮುಚ್ಚಿ ನೀರು ನಿಲ್ಲಿಸಿ, ಎರಡು ದಿನ ಹಾಗೇ ಬಿಟ್ಟು, ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಬೇಕು. ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಮತ್ತೆ ನೆಲ ತುಂಬಿಸಿ ಮಟ್ಟ ಮಾಡಿದ ಮೇಲೆ, ಟೈಲ್ಸಿಗೆ ಮುಂಚೆ, ಮೇಲೂ ಇನ್ನೊಂದು ಸಲ ಇದೇ ವಾಟರ್‌ಪ್ರೂಫಿಂಗ್ ಮಾಡಿಸು. ಈಗ ನೀನೇ ಲೆಕ್ಕ ಹಾಕು. ಒಡೆಯುವುದು, ಪೈಪ್, ಕೋಟ್ ಒಣಗುವುದು, ನೀರು ನಿಲ್ಲಿಸುವುದು, ಟೈಲ್ಸ್, ಫಿಟ್ಟಿಂಗ್. ಎಂಟು ದಿನದಲ್ಲಿ ಎಲ್ಲಿ ಆಗುತ್ತದೆ? ಮೂರು ವಾರ ಅನ್ನುವವನನ್ನು ನಾನು ಜಾಸ್ತಿ ನಂಬುತ್ತೇನೆ.

ಇರು, ಒಬ್ಬರು ಗಿರಾಕಿ ಬಂದರು.

ಹಾಂ, ಬಂದೆ. ಕಮೋಡ್ ವಾಪಸ್ ತಂದಿದ್ದರು. ನಮ್ಮಲ್ಲಿ ವಾಪಸ್ ಬರುವ ಸಾಮಾನಿನಲ್ಲಿ ಇದೇ ಜಾಸ್ತಿ. ನೆಲಕ್ಕೆ ಹೋಗುವ ಪೈಪಿನ ನಡುಭಾಗ ಗೋಡೆಯಿಂದ ಎಷ್ಟು ದೂರ ಇದೆ ಅಂತ ಅಳೆಯದೆ ತೆಗೆದುಕೊಂಡು ಹೋಗುತ್ತಾರೆ. ನಾಲ್ಕು, ಒಂಬತ್ತು, ಹನ್ನೆರಡು ಇಂಚು, ಹೀಗೆ ಬೇರೆ ಬೇರೆ ಬರುತ್ತವೆ. ಹಳೆ ಟೈಲ್ಸ್ ತೆಗೆದು ಹೊಸದು ಹಾಕಿದರೆ ಅಳತೆ ಅರ್ಧ ಇಂಚು ಆಚೀಚೆ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ. ಪೈಪ್ ಗೋಡೆಯ ಒಳಗೆ ಹೋಗಿದ್ದರೆ ಕಮೋಡ್ ಜಾತಿಯೇ ಬೇರೆ.

ಭಾವನ ವಿಷಯ. ಅಕ್ಕ, ಇದನ್ನು ನೀನೂ ಕೇಳು. ಮಂಡಿ ಆಪರೇಷನ್ ಆದವರಿಗೆ ತೀರಾ ತಗ್ಗಿನ ಕಮೋಡ್ ಬೇಡ, ಸೀಟು ಸೇರಿ ಹದಿನೇಳು ಹದಿನೆಂಟು ಇಂಚು ಎತ್ತರ ಇರಲಿ. ಪಕ್ಕದ ಗೋಡೆಗೆ ಸ್ಟೀಲ್ ಹಿಡಿಕೆ, ನೆಲದಿಂದ ಮೂವತ್ಮೂರು ಮೂವತ್ತಾರು ಇಂಚಿನ ಎತ್ತರದಲ್ಲಿ. ಶವರ್ ಹತ್ತಿರ ಇನ್ನೊಂದು. ಹಿಡಿಕೆ ಎಲ್ಲಿ ಬರುತ್ತದೆ ಅಂತ ಟೈಲ್ಸ್ ಹಾಕುವುದಕ್ಕೆ ಮುಂಚೆಯೇ ಗೋಡೆ ಮೇಲೆ ಗುರುತು ಮಾಡಿಸು. ಟೊಳ್ಳು ಬ್ಲಾಕ್ ಗೋಡೆ ಆದರೆ ಆ ಜಾಗಕ್ಕೆ ಕಾಂಕ್ರೀಟ್ ತುಂಬಿಸಬೇಕು, ಸುಮ್ನೆ ತೂತು ಕೊರೆದು ಸ್ಕ್ರೂ ಹಾಕಿದರೆ ಮನುಷ್ಯನ ಭಾರ ತಡೆಯುವುದಿಲ್ಲ. ಬಾಗಿಲು ಹೊರಗೆ ತೆರೆಯುವ ಹಾಗಿರಲಿ. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳುವುದಕ್ಕೇ ಆಗುವುದಿಲ್ಲ. ಗ್ಲಾಸ್ ಪಾರ್ಟಿಷನ್ ಆಸೆ ನಿನಗಿದೆ ಅಂತ ಗೊತ್ತು, ಆದರೆ ಎಂಟು ಅಡಿಗೆ ಐದು ಅಡಿ ಜಾಗದಲ್ಲಿ ವಾಕರ್ ಹಿಡಿದು ತಿರುಗುವವರು ಅವರು. ಪರದೆ ಸಾಕು.

ನೆಲಕ್ಕೆ ಹೊಳೆಯುವ ಟೈಲ್ಸ್ ಖಂಡಿತ ಬೇಡ. ಡಬ್ಬದ ಮೇಲೆ ಆರ್11 ಅಂತ ಇರುವ ಒರಟು ಟೈಲ್ಸ್ ಕೇಳು, ಅದು ಎಷ್ಟು ಜಾರುವುದಿಲ್ಲ ಅಂತ ತಿಳಿಸುವ ದರ್ಜೆ. ವಿಟ್ರಿಫೈಡ್ ಆದರೆ ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಅದು ಒಳ್ಳೆಯದೇ, ಆದರೆ ಅದೇ ಕಾರಣಕ್ಕೆ ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಅಂಟುವುದಿಲ್ಲ. ಟೈಲ್ ಅಡೆಸಿವ್ ಅನ್ನುವ ಅಂಟು ಬೇಕೇಬೇಕು. ಟೈಲ್ ಹಿಂಭಾಗಕ್ಕೆ ಅದನ್ನು ಪೂರ್ತಿ ಸವರದೆ ಐದು ಉಂಡೆ ಇಟ್ಟು ಒತ್ತುವ ಮೇಸ್ತ್ರಿ ಸಿಕ್ಕಿದರೆ ಅಲ್ಲೇ ನಿಲ್ಲಿಸು. ಮುಗಿದ ಮೇಲೆ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಒಂದೊಂದನ್ನೂ ನಾಣ್ಯದಿಂದ ತಟ್ಟಿ ಕೇಳು, ಟೊಳ್ಳು ಸದ್ದು ಬಂದಿದ್ದನ್ನು ತೆಗೆಸು. ಬೇಕಾದ್ದಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ತಗೋ, ಎಲ್ಲ ಡಬ್ಬದ ಬ್ಯಾಚ್ ನಂಬರ್ ಒಂದೇ ಇರಲಿ. ನಾಳೆ ಒಂದು ಟೈಲ್ ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಜಾಲಿ ಕಡೆಗೆ ನೆಲದ ಇಳಿಜಾರು ಎಂಟು ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಸಾಕು. ಜಾಸ್ತಿ ಆದರೆ ಭಾವನಿಗೆ ನಿಲ್ಲುವುದು ಕಷ್ಟ. ರಸಮಟ್ಟ ಇಟ್ಟು ತೋರಿಸು ಅನ್ನು, ಆಮೇಲೆ ಒಂದು ಚೊಂಬು ನೀರು ಚೆಲ್ಲಿ ನೋಡು.

ಪೈಪ್ ಬಿಸಿನೀರಿಗೂ ತಣ್ಣೀರಿಗೂ ಸಿಪಿವಿಸಿ ಹಾಕಿಸು, ಅದು ಬಿಸಿ ತಡೆಯುವ ಪ್ಲಾಸ್ಟಿಕ್. ಯುಪಿವಿಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಬಿಸಿನೀರಿಗೆ ಆಗುವುದಿಲ್ಲ. ಗೋಡೆ ಮುಚ್ಚುವ ಮುಂಚೆ ಪಂಪ್ ಕಟ್ಟಿ ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುತ್ತದಾ ನೋಡಬೇಕು, ಮತ್ತೆ ಎಲ್ಲ ಪೈಪು ಕಾಣುವ ಹಾಗೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೋ. ಹಿಡಿಕೆಗೆ ತೂತು ಕೊರೆಯುವಾಗ ಅದು ಬೇಕಾಗುತ್ತದೆ. ಗೀಸರ್ ಹದಿನೈದು ಲೀಟರ್ ಸಾಕು, ಅದು ಸಾಮಾನ್ಯವಾಗಿ ಎರಡು ಕಿಲೋವ್ಯಾಟ್, ಹದಿನಾರು ಆಂಪ್ ಪ್ಲಗ್ ಬೇಕು. ಅರ್ತಿಂಗ್ ಸರಿ ಇದೆಯಾ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ, 30 ಮಿಲಿ ಆಂಪ್‌ಗೆ ಬೀಳುವ ಆರ್‌ಸಿಸಿಬಿ ಸ್ವಿಚ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸು. ಇದರಲ್ಲಿ ಮಾತ್ರ ಚೌಕಾಸಿ ಬೇಡ. ಕಪ್ಪು ನಲ್ಲಿ ಬೇಕು ಅಂದಿದ್ದೀಯ. ನಮಗೆ ಇಲ್ಲಿ ಹೇಮಾವತಿ ನೀರು, ನಡೆಯುತ್ತದೆ. ನಿಮ್ಮದು ಬೋರ್‌ವೆಲ್ ಮತ್ತು ಟ್ಯಾಂಕರ್. ತಿಂಗಳೊಳಗೆ ಬಿಳಿ ಉಪ್ಪಿನ ಕಲೆ ಎದ್ದು ಕಾಣುತ್ತದೆ.

ಈಗ ಕಾಂಟ್ರಾಕ್ಟರ್. ಹಾಸನದ ಮೇಸ್ತ್ರಿಯನ್ನೇ ಕಳಿಸಿಬಿಡಿ ಅಂತ ಅತ್ತೆ ಹೇಳಿದರು. ಅತ್ತೆ, ನಿಮ್ಮ ಮಾತು ಅರ್ಥ ಆಗುತ್ತದೆ. ಇಲ್ಲಿ ಕೆಲಸ ಕೆಟ್ಟರೆ ಅವನು ಇಲ್ಲಿನ ಕೆ.ಆರ್. ಪುರಂ ತಿರುವಿನಲ್ಲೋ ಹಾಸನಾಂಬೆ ಜಾತ್ರೆಯಲ್ಲೋ ಎದುರು ಸಿಕ್ಕೇ ಸಿಗುತ್ತಾನೆ, ಆ ಮುಲಾಜು ಇರುತ್ತದೆ. ಬೆಂಗಳೂರಿಗೆ ಹೋದರೆ ಅವನು ಉಳಿಯುವುದೆಲ್ಲಿ? ಆರು ತಿಂಗಳ ಮೇಲೆ ಒಂದು ಸಂದಿ ಸೋರಿದರೆ ಸುಮಾರು ನೂರ ಎಂಬತ್ತು ಕಿಲೋಮೀಟರ್ ಯಾರು ಬರುತ್ತಾರೆ? ಅಲ್ಲಿಯವರೇ ಆಗಬೇಕು.

ಆದರೆ ಅಲ್ಲಿ ಕೆಲಸ ಹಿಡಿಯುವವನು ಒಬ್ಬ, ಪ್ಲಂಬರ್ ಒಬ್ಬ, ಟೈಲ್ಸ್ ಹಾಕುವವನು ಇನ್ನೊಬ್ಬ. ಸೋರಿದರೆ ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ. ಅದಕ್ಕೆ ನಿಮ್ಮ ಕಟ್ಟಡದಲ್ಲೇ ಎರಡು ವರ್ಷ ಹಿಂದೆ ಯಾರು ಬಾತ್‌ರೂಮ್ ಮಾಡಿಸಿದ್ದಾರೆ ಅಂತ ಅಸೋಸಿಯೇಷನ್‌ನಲ್ಲಿ ಕೇಳು. ಮಾಡಿಸಿದವರನ್ನು ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ದುಡ್ಡು ಕೊಟ್ಟಿದ್ದಾರಲ್ಲ. ಅವರ ಕೆಳಗಿನ ಮನೆಯವರನ್ನು ಕೇಳು. ಅಲ್ಲಿ ಸೀಲಿಂಗ್ ಒಣಗಿದ್ದರೆ ಆ ಕಾಂಟ್ರಾಕ್ಟರ್ ನಂಬರ್ ತಗೋ. ಕೆಲಸದ ಸಮಯ, ಲಿಫ್ಟ್‌ನಲ್ಲಿ ಸಾಮಾನು ಸಾಗಿಸುವುದು, ಇದೆಲ್ಲಕ್ಕೂ ಅಸೋಸಿಯೇಷನ್ ಒಪ್ಪಿಗೆ ಹೇಗೂ ಬೇಕು. ಒಡೆದ ಮಣ್ಣನ್ನು ಎಲ್ಲಿ ಹಾಕುತ್ತಾನೆ ಅಂತಲೂ ಕೇಳು, ರಸ್ತೆ ಪಕ್ಕ ಸುರಿದರೆ ದಂಡ ಬೀಳುತ್ತದೆ.

ಮೂವರ ಹತ್ತಿರ ಕೊಟೇಶನ್ ತಗೋ, ಮೂವರಿಗೂ ಒಂದೇ ಪಟ್ಟಿ ಕೊಡು. ಒಡೆಯುವುದು, ಮಣ್ಣು ಸಾಗಿಸುವುದು, ಪೈಪ್, ವಾಟರ್‌ಪ್ರೂಫಿಂಗ್, ಟೈಲ್ಸ್ ಕೂಲಿ, ಫಿಟ್ಟಿಂಗ್, ಕರೆಂಟ್, ಪ್ರತಿಯೊಂದಕ್ಕೂ ಬೇರೆ ರೇಟು, ಸಾಮಾನಿನ ಕಂಪನಿ ಹೆಸರು ಸಮೇತ. ಟೈಲ್ಸ್, ಕಮೋಡ್, ನಲ್ಲಿ ನೀನೇ ಬಿಲ್ ಸಮೇತ ಖರೀದಿ ಮಾಡು. ಬಿಲ್ ಇಲ್ಲದೆ ವಾರಂಟಿ ಕೇಳಿದರೆ ಯಾರೂ ಕೊಡುವುದಿಲ್ಲ. ಕಾಂಟ್ರಾಕ್ಟರ್ ಬಿಲ್ ಕೊಟ್ಟರೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ, ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಅಂತ ಮೊದಲೇ ಕೇಳು. ಆಮೇಲೆ ಜಗಳ ಬೇಡ.

ಅರ್ಧ ಅಡ್ವಾನ್ಸ್ ಕೊಡಲೇಬೇಡ. ಶುರುವಿಗೆ ಹತ್ತು ಹದಿನೈದು ಪರ್ಸೆಂಟ್. ಒಡೆದು ಪೈಪ್ ಮುಗಿಸಿ ಒತ್ತಡ ತೋರಿಸಿದ ಮೇಲೆ ಒಂದು ಕಂತು. ನೀರು ನಿಲ್ಲಿಸಿ ಕೆಳಗಿನ ಮನೆಯವರು ಸರಿ ಅಂದ ಮೇಲೆ ದೊಡ್ಡ ಕಂತು. ಟೈಲ್ಸ್ ಮುಗಿದ ಮೇಲೆ ಇನ್ನೊಂದು. ಹತ್ತು ಪರ್ಸೆಂಟ್ ಒಂದು ತಿಂಗಳು ಬಳಸಿ ನೋಡುವ ತನಕ ನಿನ್ನ ಹತ್ತಿರವೇ ಇರಲಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇಷ್ಟು ವರ್ಷದ ತನಕ ಸೋರಿದರೆ ಉಚಿತವಾಗಿ ಸರಿಮಾಡುತ್ತೇನೆ ಅನ್ನುವ ಸಾಲೂ ಇರಲಿ. ಸಹಿ ಹಾಕಲು ಹಿಂಜರಿದರೆ ಅವನು ಎಷ್ಟೇ ಕಡಿಮೆ ಹೇಳಿದರೂ ಬೇಡ ಪುಟ್ಟಿ. ಒಂದೇ ಸಾಲಿನ ಈ ಕೊಟೇಶನ್ನಿನವನಿಗೂ ಒಂದು ಅವಕಾಶ ಕೊಡು, ಪಟ್ಟಿ ಕಳಿಸಿ ನೋಡು. ಬಿಡಿಸಿ ಬರೆದು ಕೊಟ್ಟರೆ ಮಾತಾಡೋಣ.

ಮನೆಯಲ್ಲಿ ಇರುವುದು ಒಂದೇ ಬಾತ್‌ರೂಮಾ, ಎರಡಾ? ಅದನ್ನು ನೀನು ಹೇಳಲೇ ಇಲ್ಲ. ಒಂದೇ ಆದರೆ ಕೆಲಸ ಮುಗಿಯುವ ತನಕ ಅಕ್ಕ ಭಾವನನ್ನು ಇಲ್ಲಿಗೆ ಕಳಿಸು, ನಮ್ಮ ಮನೆಯಲ್ಲಿ ಕೆಳಗಿನ ರೂಮ್ ಖಾಲಿ ಇದೆ. ಈಗ ಮೊದಲು ಕಮೋಡಿನ ಅಳತೆ ತೆಗೆದು, ಬಾತ್‌ರೂಮಿನ ಉದ್ದ ಅಗಲವನ್ನೂ ಇನ್ನೊಮ್ಮೆ ಸರಿಯಾಗಿ ಅಳೆದು ಬರೆದು ಇಲ್ಲೇ ಹಾಕು. ಅಂಗಡಿ ಮುಚ್ಚಿದ ಮೇಲೆ ನಾನೂ ಚಿಕ್ಕಪ್ಪನೂ ಕೂತು ನೋಡುತ್ತೇವೆ.