ರಾತ್ರಿಯಿಡೀ ಹೂವಿನ ಮಡಿಗೆ ನೀರು ಬಿಟ್ಟವರು ಯಾರು?

ಪಾರ್ಕ್ ಎದುರು ಮನೆ: ಬೆಳಿಗ್ಗೆ ಗೇಟು ತೆಗೆದರೆ ರಸ್ತೆ ತುಂಬಾ ನೀರು. ಟ್ಯಾಂಕ್ ಖಾಲಿ. ಯಾರೋ ಪೈಪ್ ಹಾಕಿ ಹಾಗೇ ಮಲಗಿಬಿಟ್ಟಿದ್ದಾರೆ. ಇಷ್ಟು ನೀರು ಹರಿದರೂ ಮೇಲಿನ ತುದಿಯ ಪೆಟೂನಿಯಾ ಬಾಡಿ ನಿಂತಿದೆ, ಕೆಳಗಿನ ತುದಿಯ ಟೇಬಲ್ ರೋಸ್ ಕೆಸರಲ್ಲಿ ಮುಳುಗಿದೆ. ಮಳೆ ಮುಖ ನೋಡದ ಜಾಗ ನಮ್ಮದು. ಹೋದ ಸಲವೂ ಇದೇ ಕಥೆ. ಈ ಸಲ ನಾನು ಸುಮ್ಮನಿರುವುದಿಲ್ಲ.

ಮೂಲೆ ಮನೆ: ನಾನಲ್ಲ. ಕತ್ತಲಾಗುವ ಮೊದಲೇ ನಲ್ಲಿ ಮುಚ್ಚಿ ಬಂದಿದ್ದೆ.

ದೊಡ್ಡ ಗೇಟ್ ಮನೆ: ಯಾರು ಅಂತ ಎಲ್ಲರಿಗೂ ಗೊತ್ತು, ನನ್ನ ಬಾಯಿಂದ ಯಾಕೆ? ಈ ಸೀಸನ್ ಹೂವೇ ಬೇಡ ಅಂತ ಮೊದಲೇ ಹೇಳಿದ್ದೆ. ಕೆಲವೇ ತಿಂಗಳು ಬದುಕುವ ಗಿಡಕ್ಕೆ ಇಷ್ಟು ನೀರಾ? ಎಲ್ಲ ಕಿತ್ತು ಜಲ್ಲಿ ಸುರಿಯಿರಿ.

ಮಹಡಿ ಮನೆ: ಜಲ್ಲಿಗೂ ರಾತ್ರಿ ನೀರು ಬಿಡುವವರು ನಮ್ಮಲ್ಲಿದ್ದಾರೆ ಸರ್ 😄

ಪಾರ್ಕ್ ಎದುರು ಮನೆ: ತಪ್ಪು ಗಿಡದ್ದಲ್ಲ ಸರ್, ನಾವು ನೀರು ಕೊಡುವ ರೀತಿಯದು. ಇಂಥ ಗಿಡಗಳ ಬೇರು ಹೆಚ್ಚಾಗಿ ಮೇಲಿನ 15-20 ಸೆಂ.ಮೀ. ಮಣ್ಣಲ್ಲೇ ಇರುತ್ತದೆ. ಬಿಸಿಲಿಗೆ, ಒಣ ಗಾಳಿಗೆ ಮೊದಲು ಒಣಗುವುದೂ ಅದೇ ಮಣ್ಣು. ವಾರಕ್ಕೆ 25 ಮಿ.ಮೀ. ನೀರು ಅನ್ನುವುದು ಸಾಮಾನ್ಯ ಲೆಕ್ಕ, ಅಂದರೆ ಚದರ ಮೀಟರಿಗೆ 25 ಲೀಟರ್. ಬಿರುಬಿಸಿಲಲ್ಲಿ ಇನ್ನೂ ಜಾಸ್ತಿ ಬೇಕು. ಆದರೆ ದಿನಾ ಒಂದಿಷ್ಟು ಚಿಮುಕಿಸಿದರೆ ಮೇಲ್ಪದರ ಒದ್ದೆಯಾಗಿ ಆರಿಹೋಗುತ್ತದೆ, ಬೇರು ಕೆಳಗಿಳಿಯುವುದೇ ಇಲ್ಲ. ವಾರಕ್ಕೆ ಎರಡು ಮೂರು ಸಲ, ಒಂದು ಗೇಣು ಆಳ ನೆನೆಯುವ ಹಾಗೆ ಕೊಡಬೇಕು. ಈಗಷ್ಟೇ ನೆಟ್ಟ ಸಸಿಗೆ ಮಾತ್ರ ಬೇರೂರುವ ತನಕ ದಿನಾ ಬೇಕು.

ಕೊನೆ ಮನೆ: (ಫಾರ್ವರ್ಡ್) ಎಚ್ಚರ! ಮಧ್ಯಾಹ್ನ ಎಲೆ ಮೇಲೆ ಬಿದ್ದ ನೀರಿನ ಹನಿ ಭೂತಗನ್ನಡಿಯಂತೆ ಎಲೆಯನ್ನು ಸುಡುತ್ತದೆ! ಹತ್ತು ಜನಕ್ಕೆ ಕಳಿಸಿ 🙏

ಪಾರ್ಕ್ ಎದುರು ಮನೆ: ನುಣುಪಾದ ಎಲೆ ಹಾಗೆಲ್ಲ ಸುಡುವುದಿಲ್ಲ ಅಕ್ಕ. ಮಧ್ಯಾಹ್ನ ಬೇಡ ಅನ್ನುವುದು ನೀರು ಆವಿಯಾಗಿ ಹೋಗುತ್ತದೆ ಅಂತ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಶಿಲೀಂಧ್ರ ರೋಗ ಬರುತ್ತದೆ. ಬೆಳಿಗ್ಗೆ ಬೇಗ, ಬುಡಕ್ಕೆ ಕೊಡುವುದೇ ಸರಿ.

ದೊಡ್ಡ ಗೇಟ್ ಮನೆ: ಪಾಠ ಸಾಕು. ಗಿಡ ಬಾಡಿತು ಅಂದರೆ ನೀರು ಬೇಕು ಅಂತ ಅರ್ಥ, ಮಕ್ಕಳಿಗೂ ಗೊತ್ತು. ಪೈಪ್ ವಿಷಯಕ್ಕೆ ಬನ್ನಿ. ಮಹಡಿ ಮನೆಯವರ ಹತ್ತಿರ ವಾಲ್ವ್ ಕೀ ಯಾಕಿದೆ?

ಮಹಡಿ ಮನೆ: ಕೀ ಕೊಟ್ಟಿದ್ದು ನೀವೇ ಸರ್! ಹೋದ ತಿಂಗಳ ಮೆಸೇಜ್ ಮೇಲೆ ಹೋಗಿ ನೋಡಿ.

ಮೂಲೆ ಮನೆ: ಹೌದು, ನಾನೂ ನೋಡಿದ್ದೇನೆ.

ದೊಡ್ಡ ಗೇಟ್ ಮನೆ: ಕೊಟ್ಟಿದ್ದು ಎರಡು ದಿನಕ್ಕೆ. ಇಟ್ಟುಕೊಳ್ಳಿ ಅಂತಲ್ಲ.

ಪಾರ್ಕ್ ಎದುರು ಮನೆ: ಕೀ ಜಗಳ ಆಮೇಲೆ ಆಡಿ, ದಯವಿಟ್ಟು. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ತಾನೇ ಚೇತರಿಸಿಕೊಳ್ಳುವುದುಂಟು. ನೀರು ಜಾಸ್ತಿಯಾಗಿ ಬೇರಿಗೆ ಗಾಳಿ ಸಿಗದಿದ್ದರೂ ಗಿಡ ಹೀಗೇ ಬಾಡುತ್ತದೆ. ಬೆರಳು ಇಳಿಸಿ ನೋಡಿ, ಒಳಗೆ ಒಣಗಿದ್ದರೆ ಮಾತ್ರ ನೀರು. ನಮ್ಮ ನಿಜವಾದ ತೊಂದರೆ ಏನು ಗೊತ್ತಾ? ನೀರು ಬೇಡುವ ಬಾಲ್ಸಮ್, ಒಣಗಲು ಹೆದರದ ಟೇಬಲ್ ರೋಸ್, ಜಿನಿಯಾ ಎಲ್ಲ ಒಂದೇ ಮಡಿಯಲ್ಲಿ, ಒಂದೇ ಪೈಪಿಗೆ. ಒಬ್ಬರಿಗೆ ಸಾಕಾಗುವಷ್ಟು ಬಿಟ್ಟರೆ ಇನ್ನೊಬ್ಬರು ಸಾಯುತ್ತಾರೆ. ಮುಂದಿನ ಸಸಿ ನೆಡುವಾಗ ಬೇರೆ ಬೇರೆ ಮಾಡೋಣ. ಸದ್ಯಕ್ಕೆ ಇಳಿಜಾರಲ್ಲಿ ಸ್ವಲ್ಪ ನೀರು ಬಿಟ್ಟು, ನಿಲ್ಲಿಸಿ, ಇಂಗಿದ ಮೇಲೆ ಮತ್ತೆ ಬಿಡೋಣ. ಗಟ್ಟಿಯಾದ ಮಣ್ಣು ಒಂದೇ ಸಲಕ್ಕೆ ಕುಡಿಯುವುದಿಲ್ಲ. ಬುಡಕ್ಕೆ ತಾಗದ ಹಾಗೆ ಸುತ್ತ 5 ಸೆಂ.ಮೀ. ದಪ್ಪ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ. ಭಾನುವಾರ ಬೆಳಿಗ್ಗೆ ಯಾರು ಬರುತ್ತೀರಿ?

ಮೂಲೆ ಮನೆ: 👍

ಕೊನೆ ಮನೆ: ನಾನು ಬರುತ್ತೇನೆ. ಆದರೆ ತರಗೆಲೆ ಎಲ್ಲಿದೆ? ಪಾರ್ಕ್ ಹಿಂದೆ ಗುಡ್ಡೆ ಮಾಡಿದ್ದನ್ನೆಲ್ಲ ನಿನ್ನೆ ಯಾರೋ ಸುಟ್ಟರಲ್ಲ.

ಮಹಡಿ ಮನೆ: ಅಯ್ಯೋ, ಆ ಹೊಗೆ! ಅಮ್ಮನಿಗೆ ರಾತ್ರಿಯೆಲ್ಲ ಕೆಮ್ಮು. ಕಿಟಕಿ ತೆಗೆಯುವ ಹಾಗಿರಲಿಲ್ಲ.

ಮೂಲೆ ಮನೆ: ನಮ್ಮ ಮನೆಗೂ ಬಂತು. ಒಗೆದು ಒಣಗಿ ಹಾಕಿದ ಬಟ್ಟೆಗೆಲ್ಲ ಹೊಗೆ ವಾಸನೆ.

ದೊಡ್ಡ ಗೇಟ್ ಮನೆ: ಸುಡದೆ ಏನು ಮಾಡಬೇಕು? ರಾಶಿ ಬಿದ್ದರೆ ಹಾವು ಸೇರುತ್ತದೆ. ಗುಡಿಸುವವರಿಗೆ ಸುಡಿ ಅಂದವನು ನಾನೇ.

ಮಹಡಿ ಮನೆ: ಯಾರನ್ನು ಕೇಳಿ ಹೇಳಿದಿರಿ ಸರ್?

ಸೆಕ್ರೆಟರಿ: ಇಲ್ಲೇ ಬೇಡ. ಹೊಗೆ ವಿಷಯಕ್ಕೆ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರೋಣ. ಹಾಜರಿ ಕಡ್ಡಾಯ.

ಪಾರ್ಕ್ ಎದುರು ಮನೆ: ಮಡಿ ಕೆಲಸಕ್ಕೂ ಅದೇ ಹೊತ್ತು ಹೇಳಿದ್ದೆ ಮೇಡಂ.

ಸೆಕ್ರೆಟರಿ: ಮೀಟಿಂಗ್ ಮುಗಿದ ಮೇಲೆ ಹೊತ್ತು ಉಳಿದರೆ ನೋಡೋಣ.

ಪಾರ್ಕ್ ಎದುರು ಮನೆ: ಆಗ ಬಿಸಿಲು ಏರಿರುತ್ತದೆ. ಇವತ್ತು ಪೆಟೂನಿಯಾಗೆ ಬಕೆಟ್‌ನಲ್ಲಿ ನಾನು ಹಾಕುತ್ತೇನೆ. ಟೇಬಲ್ ರೋಸ್ ಕಡೆ ಮಣ್ಣು ಆರುವ ತನಕ ಯಾರೂ ನೀರು ಬಿಡಬೇಡಿ.

ಕೊನೆ ಮನೆ: (ಫಾರ್ವರ್ಡ್) ಹೊಗೆಯಿಂದ ಗಂಟಲು ಕೆಟ್ಟಿದೆಯೇ? ಈ ಐದು ಮನೆಮದ್ದು...